ಮೈದಾನಕ್ಕೆ ಬಂದ ಜ್ವರ

ಜೂನ್ 9

ನನ್ನ ಗುಂಡುಸೂಜಿಗೆ,

ರಾಜಧಾನಿಯ ಪರಿಸರ ಇಲಾಖೆಯಲ್ಲಿ ನಿನಗೆ ಕೆಲಸ ಖಾಯಂ ಆಯ್ತು ಅಂತ ಓದಿ ಅಡುಗೆಮನೆಯಿಂದಲೇ ಕೂಗಿಬಿಟ್ಟೆ. ಹಾವು ಬಂತೇನೋ ಅಂತ ನಿನ್ನ ಚಿಕ್ಕಪ್ಪ ಕೋಲು ಹಿಡ್ಕೊಂಡು ಓಡಿಬಂದರು. ವಿಷಯ ತಿಳಿದ ಮೇಲೆ ಅದೇ ಕೋಲು ಎತ್ತಿ ಕುಣಿದರು. ಚಿಕ್ಕವಳಿದ್ದಾಗ ಕಂಡಕಂಡವರನ್ನೆಲ್ಲ ಪ್ರಶ್ನೆ ಕೇಳಿ ಚುಚ್ಚುತ್ತಿದ್ದೆ ಅಂತ ನಿನಗೆ ಗುಂಡುಸೂಜಿ ಅಂತ ಹೆಸರಿಟ್ಟವಳು ನಾನು. ಈಗ ಸರ್ಕಾರವೇ ಸಂಬಳ ಕೊಟ್ಟು ನಿನ್ನ ಕೈಲಿ ಚುಚ್ಚಿಸ್ತಿದೆ. ನಿನ್ನಮ್ಮ ಇದ್ದಿದ್ದರೆ ಎಷ್ಟು ಬೀಗ್ತಿದ್ದಳೋ! ಅವಳ ಪಾಲಿಂದೂ ಸೇರಿಸಿ ನಾನೇ ಬೀಗ್ತಿದ್ದೀನಿ.

ಫೋನ್ ಮಾಡ್ತೀನಿ ಅಂದಿದ್ದೀಯ. ಬೇಡ ಮಗಳೇ. ಕುಲುಮೆಗಳ ಮೇಲೆ ಕ್ರೇನಿನ ಗೂಡಲ್ಲಿ ಕೂತು ಕೂತು ನನ್ನ ಕಿವಿ ನನಗಿಂತ ಮೊದಲೇ ರಿಟೈರ್ ಆಗಿದೆ. ಎದುರಿಗೆ ಮುಖ ಇದ್ದರೆ ಮಾತು ಹೇಗೋ ಹಿಡೀತೀನಿ, ಫೋನಲ್ಲಿ ಬರೀ ಜೀರುಂಡೆ. ಮೆಸೇಜ್ ಮಾಡೋಣ ಅಂದರೆ ಆ ಇಷ್ಟಗಲದ ಗಾಜಿನ ಮೇಲೆ ನನ್ನ ಹೆಬ್ಬೆರಳು ಒಂದೇ ಏಟಿಗೆ ಮೂರಕ್ಷರ ಒತ್ತುತ್ತೆ. ಕಾಗದವೇ ವಾಸಿ.

ಇಲ್ಲಿನ ಸುದ್ದಿ ಅಂದರೆ, ಚಿಕ್ಕಪ್ಪನ ಮೈದಾನ ನಾರ್ತಿದೆ. ಶಾಲೆ ಹಿಂದೆ ಒಂದು ದೊಡ್ಡ ಗುಂಡಿ ಇತ್ತಲ್ಲ, ಈ ಬೇಸಿಗೆಯಲ್ಲಿ ನಮ್ಮ ಕಾರ್ಖಾನೆಯವರು ಕುಲುಮೆಯಿಂದ ಕೆರೆದು ತೆಗೆದ ಬೂದು ಕಿಟ್ಟ ತಂದು ಸುರಿದು, ಮೇಲೊಂದು ಗೇಣು ಮಣ್ಣು ಹಾಕಿ, ರೋಲರ್ ಓಡಿಸಿ ಸಮ ಮಾಡಿಕೊಟ್ಟರು. ಎಲ್ಲ ಪುಕ್ಕಟೆ. ಶಾಲೆಯ ವ್ಯಾಯಾಮದ ಮೇಷ್ಟ್ರಾದ ಇವರಿಗೆ ಇನ್ನೇನು ಬೇಕು ಹೇಳು? ಹಗಲು ಹೊತ್ತೆಲ್ಲ ಅಲ್ಲೇ ಇರ್ತಾರೆ. ತಾವೇ ಬಣ್ಣ ತಂದು "ಕಾರ್ಖಾನೆಗೆ ಕೃತಜ್ಞತೆಗಳು" ಅಂತ ಬೋರ್ಡ್ ಬರೆದು ನೆಟ್ಟಿದ್ದಾರೆ. ಆದರೆ ಈ ಸಲದ ಮೊದಲ ಮಳೆ ಬಿದ್ದಾಗಿನಿಂದ ಅಲ್ಲಿ ಮೂಗು ಇಟ್ಟುಕೊಳ್ಳೋ ಹಾಗಿಲ್ಲ. ಮಕ್ಕಳ ಕಣ್ಣಲ್ಲಿ ನೀರು. ಚರಂಡಿ ಒಡೆದಿದೆ ಅಂತ ಇವರು ದಿನಾ ಪುರಸಭೆಗೆ ಹೋಗಿ ಜಗಳ ಆಡಿ ಬರ್ತಿದ್ದಾರೆ. ಪುರಸಭೆಯವರು ಇವರನ್ನು ಕಂಡರೆ ಹಿಂದಿನ ಬಾಗಿಲಿಂದ ಓಡ್ತಾರಂತೆ.

ಅದಿರಲಿ, ಆ ಆಫೀಸಲ್ಲಿ ನಿನಗೆ ಏನು ಕೆಲಸ ಕೊಟ್ಟಿದ್ದಾರೆ? ಬಿಡಿಸಿ ಬರಿ.

ನಿನ್ನ ಚಿಕ್ಕಮ್ಮ

ಜೂನ್ 17

ಪ್ರೀತಿಯ ಚಿಕ್ಕಮ್ಮನಿಗೆ,

ನನ್ನ ಕೆಲಸದ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ. ಹಳೆಯ ನಿಯಮಗಳನ್ನು ಓದುವುದು, ಸಾಲು ಸಾಲಿಗೆ ಕೆಂಪು ಗೆರೆ ಎಳೆಯುವುದು, ಹೊಸ ಸಾಲು ಬರೆದರೆ ಅದರ ಮೇಲೆ ಮೇಲಧಿಕಾರಿಯಿಂದ ಗೆರೆ ಎಳೆಸಿಕೊಳ್ಳುವುದು. ಕುರ್ಚಿ ಕುಂಟುತ್ತದೆ. ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟಿದ್ದೇನೆ.

ಮೈದಾನದ ವಿಷಯ ಇನ್ನೊಂದು ಸ್ವಲ್ಪ ಬರೆಯುತ್ತೀಯಾ? ಆ ವಾಸನೆ ಕೊಳೆತ ಚರಂಡಿಯ ಹಾಗೋ, ಇಲ್ಲ ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೋ? ಮಳೆ ನಿಂತ ಮೇಲೆ ನೆಲ ಮುಟ್ಟಿದರೆ ಬೆಚ್ಚಗಿರುತ್ತದೆಯಾ? ಎಲ್ಲಾದರೂ ಉಬ್ಬಿದೆಯಾ?

ನೆಲ ಒದ್ದೆಯಾಗಿದ್ದಾಗ ಮಕ್ಕಳನ್ನು ಅಲ್ಲಿ ಆಡಿಸಬೇಡಿ ಎಂದು ಚಿಕ್ಕಪ್ಪನಿಗೆ ಹೇಳು. ಯಾಕೆ ಅಂತ ಈಗ ಕೇಳಬೇಡ. ಸುಮ್ಮನೆ ನನ್ನ ಮಾತು ಕೇಳಿ.

ನಿನ್ನ ಗುಂಡುಸೂಜಿ

ಜೂನ್ 26

ಗುಂಡುಸೂಜಿ,

ನಿನ್ನ ಕಾಗದ ಓದಿ ಹೇಳಿದೆ. ಚಿಕ್ಕಪ್ಪನಿಗೆ ಸಿಟ್ಟು ಮೂಗಿನ ತುದಿಗೆ ಬಂತು. "ನನ್ನ ಮೈದಾನಕ್ಕೆ ಜ್ವರ ಬಂದಿದೆಯಾ ಅಂತ ಕೇಳ್ತಾಳಲ್ಲ ಇವಳು! ಥರ್ಮಾಮೀಟರ್ ಇಟ್ಟು ನೋಡಲಾ?" ಅಂದರು. ಅಂದವರು ಸುಮ್ಮನಿರಬೇಕೋ ಬೇಡವೋ, ಸಂಜೆ ನಿಜವಾಗಲೂ ಹೋಗಿ ಅಂಗೈ ಊರಿ ನೋಡಿಕೊಂಡು ಬಂದರು. ಆಮೇಲೆ ನಾನೂ ಹೋದೆ. ಬೆಚ್ಚಗಿದೆ ಕಣೇ. ಊರಿನ ನಾಯಿಗಳೆಲ್ಲ ಮಳೆ ನಿಂತ ತಕ್ಷಣ ಅಲ್ಲೇ ಹೋಗಿ ಮಲಗೋದು ಯಾಕೆ ಅಂತ ಈಗ ಗೊತ್ತಾಯ್ತು. ವಾಸನೆ ಅಂದರೆ, ಹಸುಗೂಸಿನ ಒದ್ದೆ ಬಟ್ಟೆಗಳನ್ನು ವಾರಗಟ್ಟಲೆ ಮುಚ್ಚಿಟ್ಟು ಒಮ್ಮೆಗೇ ಮುಚ್ಚಳ ತೆಗೆದ ಹಾಗೆ. ಗೋಲು ಕಂಬದ ಹತ್ತಿರ ನೆಲ ಸ್ವಲ್ಪ ಎದ್ದಿದೆ. ಹಾಗೆಲ್ಲ ಆಗೋದು ಸಹಜ ತಾನೇ, ಹೊಸ ಮಣ್ಣು.

ಒಂದು ಒಳ್ಳೆ ಸುದ್ದಿ. ನಮ್ಮ ಮ್ಯಾನೇಜರು, ಅದೇ ಇಸ್ತ್ರಿ ಸಾಹೇಬರು (ಕುಲುಮೆ ಪಕ್ಕ ನಿಂತರೂ ಅಂಗಿಯ ಗೆರೆ ಮುರಿಯಲ್ಲ ಅಂತ ಹುಡುಗರು ಇಟ್ಟ ಹೆಸರು), ಮೊನ್ನೆ ನಾನು ಕ್ರೇನ್ ಏಣಿ ಇಳಿಯೋವರೆಗೂ ಕಾದು ನಿಂತು ನಿನ್ನ ಬಗ್ಗೆ ವಿಚಾರಿಸಿದರು. ಯಾವ ವಿಭಾಗ, ಯಾರ ಕೈಕೆಳಗೆ, ಊರಿಗೆ ಯಾವಾಗ ಬರ್ತಾಳೆ ಅಂತೆಲ್ಲ. ಎಷ್ಟು ದೊಡ್ಡ ಮನುಷ್ಯರು, ಎಷ್ಟು ಅಕ್ಕರೆ! ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ.

ಕುರ್ಚಿ ಬದಲಾಯಿಸಿ ಕೊಡಿ ಅಂತ ಬಾಯಿಬಿಟ್ಟು ಕೇಳು.

ಚಿಕ್ಕಮ್ಮ

ಜುಲೈ 4

ಪ್ರೀತಿಯ ಚಿಕ್ಕಮ್ಮ,

ಇನ್ನು ಮುಚ್ಚಿಡುವುದಿಲ್ಲ. ಹಿಂದಿನ ಕಾಗದದಲ್ಲೇ ಹೇಳಬೇಕಾಗಿತ್ತು.

ಅಲ್ಯೂಮಿನಿಯಂ ಕರಗಿಸುವಾಗ ಹಾಲಿಗೆ ಕೆನೆ ಕಟ್ಟಿದ ಹಾಗೆ ಮೇಲೆ ಕಟ್ಟುತ್ತದಲ್ಲ, ನೀವು ಕೆರೆದು ತೆಗೆಯುವ ಆ ಬೂದು ಕಿಟ್ಟ, ಅದಕ್ಕೆ ನೀರು ತಾಗಿದರೆ ಬಿಸಿಯಾಗುತ್ತದೆ, ಅಮೋನಿಯಾ ಬಿಡುತ್ತದೆ. ಒಳಗೇ ಕಟ್ಟಿಕೊಂಡ ಅನಿಲಕ್ಕೆ ಕಿಡಿ ಸಿಕ್ಕರೆ ಹೊತ್ತಿಕೊಳ್ಳಲೂಬಹುದು. ನೀನು ಹೇಳಿದ ವಾಸನೆ ಅದೇ. ಆದರೆ ಈಗಿರುವ ನಿಯಮದಲ್ಲಿ ಕಿಟ್ಟವನ್ನು "ಜಡ ತ್ಯಾಜ್ಯ" ಎಂದು ಬರೆದಿದ್ದಾರೆ. ಅಂದರೆ ಇಟ್ಟಿಗೆ ಚೂರಿನ ಹಾಗೆ, ಯಾರು ಎಲ್ಲಿ ಬೇಕಾದರೂ ತುಂಬಬಹುದು. ಕಾರ್ಖಾನೆಯವರು ಕಾನೂನು ಮುರಿದಿಲ್ಲ ಚಿಕ್ಕಮ್ಮ, ಕಾನೂನೇ ಹಾಗಿದೆ. ಅದನ್ನು ಬದಲಾಯಿಸುವ ಕರಡು ನನ್ನ ಮೇಜಿನ ಮೇಲಿದೆ. ಅದನ್ನು ಬರೆಯುತ್ತಿರುವವಳು ನಾನು.

ನನ್ನ ಚಿಕ್ಕಮ್ಮ ಆ ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಾಳೆ ಎಂದು ಮೇಲಧಿಕಾರಿಗೆ ಬರೆದು ಕೊಟ್ಟಿದ್ದೇನೆ. ನಿಮ್ಮ ಕಾರ್ಖಾನೆಯ ತಪಾಸಣೆಗೆ ಬೇರೆಯವರು ಬರುತ್ತಾರೆ. ಇಸ್ತ್ರಿ ಸಾಹೇಬರ ಅಕ್ಕರೆ ನನ್ನ ಮೇಲಲ್ಲ, ಈ ಕರಡಿನ ಮೇಲೆ. ದಯವಿಟ್ಟು ಅವರಿಗೆ ನನ್ನ ವಿಷಯ ಏನೂ ಹೇಳಬೇಡ.

ಮೈದಾನವನ್ನು ಇವತ್ತೇ ಮುಚ್ಚಿಸು. ಚಿಕ್ಕಪ್ಪ ಬೈದರೆ ಬೈಯಲಿ.

ನಿನ್ನ ಗುಂಡುಸೂಜಿ

ಜುಲೈ 15

ಮಗಳಿಗೆ,

ನಿನ್ನೆ ಪಾಳಿ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿ ಮ್ಯಾನೇಜರು ಮಾತಾಡಿದರು. ರಾಜಧಾನಿಯಲ್ಲಿ ಹೊಸ ನಿಯಮ ಬರೀತಿದ್ದಾರಂತೆ, ಅದು ಬಂದರೆ ಕಾರ್ಖಾನೆಗೆ ಬೀಗ ಅಂತೆ. ಬರೆಯೋರು ಯಾರು ಅಂತ ಅವರು ಹೇಳಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದರು. ಅಷ್ಟೇ ಸಾಕಾಯ್ತು.

ಈ ಊರಲ್ಲಿ ಒಲೆ ಹಚ್ಚೋ ಮನೆಗಳೆಲ್ಲ ಆ ಕಾರ್ಖಾನೆಯಿಂದಲೇ ಹಚ್ಚೋದು. ನಿನ್ನ ಫೀಸು ಕಟ್ಟಿದ್ದೂ ಅದೇ ಕ್ರೇನು. ಅದನ್ನ ನೀನು ಮರೆತಿದ್ದೀಯ ಅಂತ ನಾನು ಅನ್ನಲ್ಲ. ಆದರೆ ಇವತ್ತು ಊಟದ ಕೋಣೆಯಲ್ಲಿ ನನ್ನ ಬೆಂಚಲ್ಲಿ ನಾನೊಬ್ಬಳೇ ಕೂತಿದ್ದೆ.

ಸದ್ಯಕ್ಕೆ ಕಾಗದ ಬರೀಬೇಡ. ನಾನೂ ಬರೆಯಲ್ಲ.

ಚಿಕ್ಕಮ್ಮ

ಆಗಸ್ಟ್ 28

ಚಿಕ್ಕಮ್ಮ,

ಬರೆಯಬೇಡ ಅಂದೆ. ಇಷ್ಟು ದಿನ ತಡೆದುಕೊಂಡೆ. ಇನ್ನು ಆಗುವುದಿಲ್ಲ. ನಿನ್ನ ಮಾತು ಮೀರಿದ್ದು ಇದೇ ಮೊದಲಲ್ಲವಲ್ಲ.

ನಿನಗೆ ನನ್ನ ಮುಖ ನೋಡುವುದೂ ಬೇಡವಾಗಿದೆ ಎಂದು ಗೊತ್ತು. ನೀನು ಒಬ್ಬಳೇ ಬೆಂಚಿನ ಮೇಲೆ ಕೂತಿರುವುದು ಕಣ್ಣಿಗೆ ಕಟ್ಟಿದ ಹಾಗಿದೆ, ಇಲ್ಲಿ ನನಗೂ ತುತ್ತು ಇಳಿಯುವುದಿಲ್ಲ. ಆದರೆ ಒಂದು ಮಾತು ನೇರವಾಗಿ ನನ್ನಿಂದಲೇ ಕೇಳು. ಕರಡನ್ನು ಈಗ ಎಲ್ಲರ ಮುಂದೆ ಇಟ್ಟಾಗಿದೆ, ಯಾರು ಬೇಕಾದರೂ ಓದಬಹುದು. ಅದರಲ್ಲಿ ಎಲ್ಲೂ ಕಾರ್ಖಾನೆ ಮುಚ್ಚಿ ಎಂದಿಲ್ಲ. ಕಿಟ್ಟವನ್ನು ಸೂರಿನ ಕೆಳಗೆ ಒಣಗಿಸಿ ಇಡಿ, ಹಿಂಡುವ ಯಂತ್ರ ಹಾಕಿ ಒಳಗೆ ಉಳಿದ ಲೋಹ ತೆಗೆಯಿರಿ, ಮಿಕ್ಕಿದ್ದನ್ನು ನೆಲಕ್ಕೆ ತುಂಬಬೇಡಿ. ಇಷ್ಟೇ. ಲೋಹ ಸಿಗುವುದರಿಂದ ಅವರಿಗೂ ನಷ್ಟವಿಲ್ಲ.

ಕಾರ್ಖಾನೆಗಳ ಸಂಘದ ವಕೀಲರು ದಿನಾ ಬರುತ್ತಿದ್ದಾರೆ. ಕಿಟ್ಟ ಮಣ್ಣಿನಷ್ಟೇ ಸಾಧು ಅನ್ನುತ್ತಾರೆ. ಕೆಲಸಗಾರರೆಲ್ಲ ಈ ನಿಯಮಕ್ಕೆ ವಿರೋಧ ಅನ್ನುತ್ತಾರೆ. ಆ ಎರಡನೇ ಮಾತಿಗೆ ಮಂತ್ರಿಗಳ ಕಚೇರಿ ಹೆದರಿದೆ. ಅಕ್ಟೋಬರ್ ಮೊದಲ ವಾರ ಇಲ್ಲಿ ಜನರ ಅಭಿಪ್ರಾಯ ಕೇಳಲು ಬಹಿರಂಗ ಅಹವಾಲು ಸಭೆ. ಅಲ್ಲಿ ಗಾಳಿ ಯಾವ ಕಡೆ ಬೀಸುತ್ತದೋ ಕರಡು ಆ ಕಡೆ ವಾಲುತ್ತದೆ. ಬಹುಶಃ ನಾನು ಸೋಲುತ್ತೇನೆ.

ಮೈದಾನ ಮುಚ್ಚಿದ್ದೀರಾ, ಅದೊಂದು ತಿಳಿಸು. ಕಾಗದ ಬೇಡವಾದರೆ ಖಾಲಿ ಲಕೋಟೆಯಾದರೂ ಕಳಿಸು.

ನಿನ್ನ ಗುಂಡುಸೂಜಿ

ಸೆಪ್ಟೆಂಬರ್ 10

ನನ್ನ ಹುಚ್ಚು ಹುಡುಗಿ,

ನಿನ್ನ ಮುಖ ನೋಡೋದು ಬೇಡವಾಗಿದೆಯಾ ನನಗೆ? ಎದುರಿಗಿದ್ದಿದ್ದರೆ ಕಿವಿ ಹಿಂಡ್ತಿದ್ದೆ. ಕೇಳು, ನಾನು ಯಾಕೆ ಬರೆಯಲಿಲ್ಲ ಅಂತ. ಆ ಸಭೆ ಆದ ದಿನವೇ ಇಸ್ತ್ರಿ ಸಾಹೇಬರು ನನ್ನನ್ನು ತಮ್ಮ ರೂಮಿಗೆ ಕರೆಸಿ ಚಹಾ ಕೊಟ್ಟರು. "ನಿಮ್ಮ ಮಗಳ ಹಾಗೆ ಅಲ್ಲವಾ, ಸ್ವಲ್ಪ ಮೆತ್ತಗೆ ಬರೀಲಿ ಅಂತ ಒಂದು ಕಾಗದ ಹಾಕಿ. ಅವಳು ಏನು ಬರೀತಾಳೆ ಅನ್ನೋದನ್ನೂ ನಮಗೆ ತೋರಿಸಿ" ಅಂದರು. ಇಲ್ಲ ಅಂದರೆ ಒಂದು ಕಷ್ಟ, ಹೂಂ ಅಂದರೆ ನೂರು ಕಷ್ಟ. ಅದಕ್ಕೆ ಕಾಗದದ ದಾರಿಯನ್ನೇ ಕಡಿದೆ. ಮಾರನೇ ವಾರ ಕೇಳಿದಾಗ "ನಮ್ಮಲ್ಲಿ ಮಾತುಕತೆ ಇಲ್ಲ ಸಾರ್, ಕಾಗದ ನಿಂತಿದೆ" ಅಂತ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ಸುಳ್ಳು ಹೇಳಿದರೆ ನನ್ನ ಮುಖ ಕೆಂಪಾಗುತ್ತೆ ಅಂತ ನಿನಗೆ ಗೊತ್ತಲ್ಲ, ಅದಕ್ಕೆ ನಿಜವನ್ನೇ ಮಾಡಿಟ್ಟುಕೊಂಡೆ. ನಿನಗೆ ಆ ಕಾಗದ ಕಟುವಾಗಿ ಬರೆದಿದ್ದೂ ಬೇಕಂತಲೇ. ಸಿಟ್ಟು ಸ್ವಲ್ಪ ನಿಜವಾಗಿಯೂ ಇತ್ತು ಅನ್ನು.

ಈಗ ಮೈದಾನದ ಕಥೆ. ನಿನ್ನ ಚಿಕ್ಕಪ್ಪ ನೆಲ ಒದ್ದೆ ಇದ್ದ ದಿನ ಮಕ್ಕಳನ್ನು ಬಿಡ್ತಿರಲಿಲ್ಲ. ಆದರೆ ಪೂರ್ತಿ ಮುಚ್ಚೋಕೆ ಮನಸ್ಸು ಬರಲಿಲ್ಲ. ಹೋದ ವಾರ ಬಿಸಿಲಿತ್ತು. ಎತ್ತರ ಜಿಗಿತಕ್ಕೆ ಹೊಸ ಕಂಬ ನೆಡೋಣ ಅಂತ ದೊಡ್ಡ ಮಕ್ಕಳನ್ನು ಕರ್ಕೊಂಡು ಹೋಗಿ ಹಾರೆ ಹಾಕಿಸಿದರು. ಎರಡು ಮೊಳ ಅಗೆಯೋ ಹೊತ್ತಿಗೆ ಬುಸ್ ಅಂತ ಬಿಳಿ ಹೊಗೆ ಎದ್ದಿದೆ. ಇವರು ಸೀಟಿ ಊದಿ ಊದಿ ಎಲ್ಲರನ್ನೂ ಗಾಳಿಯ ಎದುರು ದಿಕ್ಕಿಗೆ ಓಡಿಸಿದರಂತೆ. ಒಬ್ಬಳು ಹುಡುಗಿ, ನಮ್ಮ ಕುಲುಮೆಯ ಮೇಸ್ತ್ರಿಯ ಮಗಳು, ಅಲ್ಲೇ ಕುಸಿದಳು. ಅವಳನ್ನು ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆವರೆಗೂ ಓಡಿದ್ದಾರೆ ಮಹಾರಾಯರು, ಈ ವಯಸ್ಸಲ್ಲಿ! ಹುಡುಗಿ ಹುಷಾರಾಗಿದ್ದಾಳೆ. ಇವರ ಕಣ್ಣು ಇನ್ನೂ ಕೆಂಪಗಿದೆ.

ಆಸ್ಪತ್ರೆಯಿಂದ ಬಂದವರು ನೇರ ಹೋಗಿ ತಾವೇ ಬರೆದ ಕೃತಜ್ಞತೆ ಬೋರ್ಡನ್ನು ಕಿತ್ತು, ಅದರ ಹಿಂದುಗಡೆ "ಒಳಗೆ ಬರಬೇಡಿ" ಅಂತ ಬರೆದು ಬಾಗಿಲಿಗೆ ಕಟ್ಟಿದರು. ಮನೆಗೆ ಬಂದು ಮಗುವಿನ ಹಾಗೆ ಅತ್ತರು. ನಾನು ಮದುವೆಯಾಗಿ ಬಂದಾಗಿಂದ ಅವರು ಅತ್ತಿದ್ದು ನೋಡಿರಲಿಲ್ಲ.

ಆ ಮೇಸ್ತ್ರಿ ಇಷ್ಟು ದಿನ ನನ್ನ ಕಡೆ ಬೆನ್ನು ಹಾಕಿ ಊಟ ಮಾಡ್ತಿದ್ದ. ಮಾರನೇ ದಿನ ಡಬ್ಬಿ ತಂದು ನನ್ನ ಪಕ್ಕ ಕೂತ. ತನ್ನ ಬ್ರೆಡ್ಡಲ್ಲಿ ಅರ್ಧ ಮುರಿದು ನನ್ನ ಡಬ್ಬಿಗೆ ಹಾಕಿದ.

ಇನ್ನೊಂದು ಸುದ್ದಿ. ಅಹವಾಲಿಗೆ ನಮ್ಮ ಕೆಲಸಗಾರರ ಸಂಘದಿಂದ ನನ್ನನ್ನೇ ಕಳಿಸ್ತಿದ್ದಾರೆ. "ಕಾರ್ಖಾನೆ ಮುಚ್ಚಬಾರದು" ಅಂತ ಓದೋಕೆ. ಓದ್ತೀನಿ, ಅದು ನನ್ನ ಮಾತೂ ಹೌದು. ಆಮೇಲೆ ಬಾಯಿಂದ ಏನು ಬರುತ್ತೋ ನನಗೇ ಗೊತ್ತಿಲ್ಲ. ಅಲ್ಲಿ ನಾನು ನಿನ್ನ ಚಿಕ್ಕಮ್ಮ ಅಲ್ಲ, ನೀನು ನನ್ನ ಯಾರೂ ಅಲ್ಲ. ಕಂಡರೂ ಮಾತಾಡಿಸಬೇಡ. ಊಟ ಸರಿಯಾಗಿ ಮಾಡು.

ಚಿಕ್ಕಮ್ಮ

ಅಕ್ಟೋಬರ್ 6

ನನ್ನ ಚಿಕ್ಕಮ್ಮನಿಗೆ,

ನೀನು ಹೇಳಿದ ಹಾಗೇ ನಡೆದುಕೊಂಡೆ. ಸಭಾಂಗಣದಲ್ಲಿ ನಿನ್ನಿಂದ ಹತ್ತು ಮಾರು ದೂರದಲ್ಲಿ ಕಲ್ಲಿನ ಹಾಗೆ ಕೂತಿದ್ದೆ. ಈಗ ರೂಮಿಗೆ ಬಂದು ಕುಣಿಯುತ್ತಿದ್ದೇನೆ. ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು.

ನಿನ್ನ ಬೆನ್ನ ಹಿಂದೆ ನಡೆದದ್ದು ನಿನಗೆ ಕೇಳಿಸಿರಲಿಕ್ಕಿಲ್ಲ. ಅದಕ್ಕೇ ಎಲ್ಲ ಬರೆಯುತ್ತಿದ್ದೇನೆ.

ನೀನು ಸಂಘದ ಹಾಳೆ ಓದಿ ಮುಗಿಸಿದಾಗ ವಕೀಲರು ಪಕ್ಕದವರಿಗೆ "ನೋಡಿದಿರಾ, ಇಷ್ಟೇ ಬೇಕಾಗಿತ್ತು" ಅಂದರು. ಆಗ ನೀನು ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಸಾಲಿನ ಕಡೆ ತಿರುಗಿದೆ.

"ಮ್ಯಾನೇಜರ್ ಸಾರ್, ಒಂದೇ ಮಾತು. ಕಿಟ್ಟಕ್ಕೆ ಸೂರು ಹಾಕಿ, ಹಿಂಡೋ ಯಂತ್ರ ತಂದರೆ, ನಮ್ಮ ಕಾರ್ಖಾನೆ ಮುಚ್ತೀರಾ?"

ಇಸ್ತ್ರಿ ಸಾಹೇಬರು ಕೂತಲ್ಲೇ "ಅದು ಆರ್ಥಿಕ ಸ್ಥಿತಿಗತಿಗಳನ್ನು ಅವಲಂಬಿಸಿ..." ಎಂದು ಗೊಣಗಿದರು.

"ಕೇಳಿಸಲಿಲ್ಲ ಸಾರ್."

ಯಾರೋ ಅವರ ಕೈಗೆ ಮೈಕ್ ಕೊಟ್ಟರು. ಅವರು ಎದ್ದು ನಿಂತು "ಸದ್ಯಕ್ಕೆ ಅಂಥ ಪ್ರಸ್ತಾಪ ಇಲ್ಲ" ಅಂದರು.

"ಏನಂದ್ರಿ? ನಿಮ್ಮ ಕುಲುಮೆ ಹತ್ತಿರವೇ ಕಿವಿ ಕಳ್ಕೊಂಡವಳು ಸಾರ್, ಸ್ವಲ್ಪ ಜೋರಾಗಿ ಹೇಳಿ."

"ಮುಚ್ಚಲ್ಲ! ಮುಚ್ಚಲ್ಲ ಅಂತ ಹೇಳಿದೆ!"

ಮೈಕ್ ಕಿರ್ರೆಂದಿತು. ಸಭಾಂಗಣವೆಲ್ಲ "ಮುಚ್ಚಲ್ಲ" ಎಂದು ಮೊಳಗಿತು. ವಕೀಲರು ಕಣ್ಣು ಮುಚ್ಚಿಕೊಂಡರು. ಹಿಂದಿನ ಸಾಲುಗಳಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಹತ್ತು ಜನ, ಆಮೇಲೆ ಬೇರೆ ಊರುಗಳಿಂದ ಬಂದ ಕೆಲಸಗಾರರೆಲ್ಲ ಎದ್ದು ನಿಂತರು. ಚಪ್ಪಾಳೆ ಅಲ್ಲ ಚಿಕ್ಕಮ್ಮ, ಬೆಂಚು ಕುಟ್ಟಿದರು. ಗೋಡೆಯ ಮೇಲಿನ ಗಡಿಯಾರ ಅಲುಗಿತು. ನೀನು ಮಾತ್ರ ಏನೂ ನಡೆದೇ ಇಲ್ಲ ಅನ್ನುವ ಹಾಗೆ ನಮ್ಮ ಕಡೆ ತಿರುಗಿ ಹೇಳಿದೆ:

"ಹಾಗಾದ್ರೆ ನನ್ನ ಪರವಾಗಿ ಇನ್ನೊಂದು ಸಾಲು ಬರ್ಕೊಳ್ಳಿ. ನಮಗೆ ಕಾರ್ಖಾನೆನೂ ಬೇಕು, ಮೈದಾನನೂ ಬೇಕು. ಒಂದಕ್ಕೆ ಇನ್ನೊಂದು ಬಿಟ್ಟುಕೊಡಿ ಅನ್ನೋರು ಎರಡನ್ನೂ ನೋಡಿಲ್ಲ. ನಾನು ಕ್ರೇನ್ ಹತ್ತಿದ್ದು ಮಕ್ಕಳ ಕಾಲ ಕೆಳಗೆ ಬೆಂಕಿ ಹೂಳೋಕಲ್ಲ."

ಆ ಸಾಲನ್ನು ಬರೆದುಕೊಳ್ಳಬೇಕಾದವಳು ನಾನೇ. ಮೇಲಧಿಕಾರಿ ನನ್ನ ಕಡೆ ಬಾಗಿ "ಇವರೇನಾ?" ಎಂದು ಕೇಳಿದರು. ಹೌದು ಅಂದೆ. "ನಿಮಗೆ ಪ್ರಶ್ನೆ ಕೇಳುವುದು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು" ಅಂದರು.

ನೀನಾದ ಮೇಲೆ ಬೇರೆ ಊರುಗಳ ಕೆಲಸಗಾರರು ಒಬ್ಬೊಬ್ಬರಾಗಿ ಎದ್ದರು. ಅವರ ಊರುಗಳಲ್ಲೂ ಕಿಟ್ಟ ತುಂಬಿದ ದಾರಿಗಳಿವೆ, ಮನೆ ಸೈಟುಗಳಿವೆ. ಎಲ್ಲರದೂ ಒಂದೇ ಪ್ರಶ್ನೆ, ಅವರವರ ಮ್ಯಾನೇಜರಿಗೆ: ಸೂರು ಹಾಕಿದರೆ ಮುಚ್ತೀರಾ? ಒಬ್ಬರ ಬಾಯಿಂದಲೂ ಹೌದು ಎಂದು ಬರಲಿಲ್ಲ.

ನಿನ್ನ, ನಿನ್ನ, ನಿನ್ನ
ಗುಂಡುಸೂಜಿ

ಅಕ್ಟೋಬರ್ 19

ಗುಂಡುಸೂಜಿ,

ಬೆಂಚು ಕುಟ್ಟಿದ್ದು ನನ್ನ ಅಂಗಾಲಿಗೆ ಗೊತ್ತಾಯ್ತು ಕಣೇ. ನೆಲ ನಡುಗ್ತಿತ್ತು. ಯಾವುದೋ ಲಾರಿ ಹೋಗ್ತಿದೆ ಅಂದ್ಕೊಂಡೆ. ತಿರುಗಿ ನೋಡಿದ್ದರೆ ಅಲ್ಲೇ ಅತ್ತುಬಿಡ್ತಿದ್ದೆ, ನೋಡದೇ ಇದ್ದಿದ್ದು ಒಳ್ಳೇದಾಯ್ತು. ಮತ್ತೆ ಒಂದು ಗುಟ್ಟು, ಯಾರಿಗೂ ಹೇಳಬೇಡ. ಇಸ್ತ್ರಿ ಸಾಹೇಬರು ಮೊದಲ ಸಲ ಗೊಣಗಿದಾಗಲೇ ಅವರ ತುಟಿ ನೋಡಿ ನನಗೆ ಪೂರ್ತಿ ಅರ್ಥ ಆಗಿತ್ತು. ಆದರೆ ಊರಿಗೆ ಕೇಳಿಸಬೇಕಿತ್ತಲ್ಲ!

ಊರಲ್ಲಿ ನನಗೆ ರಾಜಮರ್ಯಾದೆ. ತರಕಾರಿಯವಳು ತೂಕದ ಮೇಲೆ ಒಂದು ಹಿಡಿ ಜಾಸ್ತಿ ಹಾಕ್ತಾಳೆ. ಕೆಲಸ ಎಂದಿನ ಹಾಗೆ ನಡೀತಿದೆ. ಬೇರೆ ವಿಶೇಷ ಇಲ್ಲ.

ಚಿಕ್ಕಮ್ಮ

(ಮಗಳೇ, ಅವಳು ಲಕೋಟೆ ಅಂಟಿಸಲು ಗೋಂದು ಹುಡುಕಲು ಹೋದಾಗ ಇದನ್ನು ಬರೆಯುತ್ತಿದ್ದೇನೆ. ಕೆಲಸ ಎಂದಿನ ಹಾಗೆ ಇಲ್ಲ. ವಾಪಸು ಬಂದ ಮರುದಿನವೇ ಅವಳನ್ನು ಕ್ರೇನಿನಿಂದ ಇಳಿಸಿ ಸ್ಟೋರಿಗೆ ಹಾಕಿದ್ದಾರೆ, ಕಿವಿ ಕೇಳಿಸುವುದಿಲ್ಲ ಎಂಬ ಕಾರಣ ಕೊಟ್ಟು. ಇಷ್ಟು ವರ್ಷ ಅದು ಅವರಿಗೆ ಗೊತ್ತಿರಲಿಲ್ಲವಂತೆ! ಇಲ್ಲಿ ನಗುತ್ತಲೇ ಇದ್ದಾಳೆ. ಆದರೆ ದಿನಾ ಸಂಜೆ ಕೈ ತೊಳೆಯುವಾಗ, ಕ್ರೇನಿನ ಹಿಡಿಕೆ ಹಿಡಿದು ಕಾಯಿಗಟ್ಟಿದ ಅಂಗೈ ನೋಡಿಕೊಳ್ಳುತ್ತಾಳೆ. ನಾನು ಹೇಳಿದೆ ಎಂದು ಹೇಳಬೇಡ. ಚಿಕ್ಕಪ್ಪ)

ಜನವರಿ 21

ಪ್ರೀತಿಯ ಚಿಕ್ಕಮ್ಮ,

ಇದರ ಜೊತೆ ರಾಜಪತ್ರದ ಪ್ರತಿ ಇಟ್ಟಿದ್ದೇನೆ. ಓದಲು ಬೇಸರವಾದರೆ ನಾಲ್ಕನೇ ಪುಟ ಮಾತ್ರ ಓದು. "ಅಲ್ಯೂಮಿನಿಯಂ ಕಿಟ್ಟವು ಅಪಾಯಕಾರಿ ತ್ಯಾಜ್ಯ." ನಾಲ್ಕೇ ಪದ. ಇವತ್ತಿನಿಂದ ಅದು ಕಾನೂನು. ಮಳೆ ತಾಗದ ಸೂರು, ಒಣಗಿದ ನೆಲ, ಹಿಂಡುವ ಯಂತ್ರ, ಎಲ್ಲ ಕಡ್ಡಾಯ. ಹಿಂದೆ ತುಂಬಿದ್ದನ್ನು ತುಂಬಿದವರೇ ತೆಗೆಯಬೇಕು. ಇದೊಂದರಲ್ಲಿ ಸ್ವಲ್ಪ ಸೋತೆ: ದಾರಿಗಳಿಗೆ, ಸೈಟುಗಳಿಗೆ ಕಾಲಾವಕಾಶ ಕೊಟ್ಟಿದ್ದಾರೆ. ಆದರೆ ಶಾಲೆ, ಆಸ್ಪತ್ರೆ ಇರುವ ಕಡೆ ಈ ಬೇಸಿಗೆಯೊಳಗೇ ತೆಗೆಯಬೇಕು. ಆ ಸಾಲಿಗಾಗಿ ಮೇಲಧಿಕಾರಿ ಮಂತ್ರಿಗಳ ಎದುರು ಕೂತಲ್ಲಿಂದ ಏಳಲಿಲ್ಲವಂತೆ.

ನೀನು ಸ್ಟೋರಿನಲ್ಲಿರುವುದು ಗೊತ್ತು. ಹೇಗೆ ಗೊತ್ತಾಯಿತು ಎಂದು ಕೇಳಬೇಡ. ನಿಮ್ಮ ಮ್ಯಾನೇಜರಿಗೆ ಒಂದು ಫೋನ್ ಮಾಡಲೇ ಎಂದು ಎಷ್ಟು ಸಲ ಕೈ ಹೋಗಿದೆಯೋ. ಮಾಡಿದರೆ ಇದು ನಮ್ಮ ಮನೆಯ ನಿಯಮವಾಗಿಬಿಡುತ್ತದೆ, ನೀನು ಅಲ್ಲಿ ಎದ್ದು ನಿಂತಿದ್ದು ಸುಳ್ಳಾಗುತ್ತದೆ. ಅದಕ್ಕೆ ಮಾಡಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಗೊತ್ತಿಲ್ಲ. ನಿನ್ನನ್ನು ಆ ಕಪಾಟುಗಳ ನಡುವೆ ನೆನೆಸಿಕೊಂಡರೆ ಈ ರಾಜಪತ್ರವನ್ನು ಹರಿದು ಹಾಕೋಣ ಅನ್ನಿಸುತ್ತದೆ.

ನಿನ್ನ ಗುಂಡುಸೂಜಿ

ಏಪ್ರಿಲ್ 12

ನನ್ನ ಗುಂಡುಸೂಜಿಗೆ,

ಹರಿದು ಹಾಕ್ತಾಳಂತೆ! ನಾಲ್ಕನೇ ಪುಟಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತು ಹಾಕಿದ್ದಾರೆ ನಿನ್ನ ಚಿಕ್ಕಪ್ಪ. ನಮ್ಮ ಮದುವೆ ಫೋಟೋ ಇದ್ದ ಮೊಳೆಗೆ! ನಾನು ಗೋಡೆ ಬಿಟ್ಟು ಪೆಟ್ಟಿಗೆ ಸೇರಿದೆ.

ಫೋನ್ ಮಾಡದೇ ಇದ್ದಿದ್ದು ಸರಿ ಮಾಡಿದೆ. ಮಾಡಿದ್ದರೆ ನಾನು ನಿನ್ನ ಜೊತೆ ಮಾತು ಬಿಡ್ತಿದ್ದೆ, ಈ ಸಲ ನಿಜವಾಗಿ. ನಿನ್ನ ಸಹಾಯ ಬೇಕಾಗಲೂ ಇಲ್ಲ. ಏನಾಯ್ತು ಅಂದರೆ, ಕಿಟ್ಟದ ಹೊಸ ಶೆಡ್ಡು ಎದ್ದಿತು, ಯಂತ್ರ ಬಂತು, ಅದರ ಮೇಲೊಂದು ಹೊಸ ಕ್ರೇನೂ ಬಂತು. ಅದಕ್ಕೆ ಆಳು ಬೇಕಲ್ಲ. ಇಸ್ತ್ರಿ ಸಾಹೇಬರು ಮೊದಲು ಒಬ್ಬನನ್ನು ಕರೆದರು. ಅವನು "ಆ ಸೀಟು ಅವರದು ಸಾರ್" ಅಂದನಂತೆ. ಇನ್ನೊಬ್ಬನನ್ನು ಕರೆದರು. ಅವನೂ ಅದನ್ನೇ ಅಂದ. ಕ್ರೇನ್ ಗೊತ್ತಿರೋರು ಎಲ್ಲರೂ ಅಂದರು. ಮೇಸ್ತ್ರಿ ಅಂತೂ "ಕಿವಿಯ ವಿಷಯ ಆದರೆ ಕೆಂಪು, ಹಸಿರು ದೀಪ ಹಾಕಿಸಿ ಕೊಡಿ, ಅವರ ಕಣ್ಣು ನಮ್ಮೆಲ್ಲರಿಗಿಂತ ಚುರುಕು" ಅಂತ ಮುಖಕ್ಕೇ ಹೇಳಿದ. ಕೊನೆಗೆ ಸಾಹೇಬರೇ ಸ್ಟೋರಿಗೆ ಇಳಿದು ಬಂದು ಬಾಗಿಲಲ್ಲಿ ನಿಂತು ಏನೋ ಹೇಳಿದರು.

ನಾನು ಏನು ಮಾಡಿದೆ ಹೇಳು? ಪಾಪ, ಸಾಹೇಬರ ಅಂಗಿ ಮುದುಡಿತ್ತು. ಎದ್ದು, ಬೀಗದ ಕೈ ಮೇಜಿನ ಮೇಲಿಟ್ಟು ಹೋಗಿ ಏಣಿ ಹತ್ತಿದೆ. ಗೂಡಲ್ಲಿ ಕೂತು ಹಿಡಿಕೆ ಮುಟ್ಟಿದಾಗ ಕೆಳಗೆ ನೋಡಿದರೆ ಎಲ್ಲರೂ ತಲೆ ಮೇಲೆ ಮಾಡಿ ನಿಂತಿದ್ದರು. ಹಸಿರು ದೀಪ ಹತ್ತಿತು. ನಾನು ನಡೆಸಿದೆ.

ಮೈದಾನ ಅಗೆದು ಆಯ್ತು. ಗುಂಡಿ ಮತ್ತೆ ಗುಂಡಿ ಆದ ದಿನ ಚಿಕ್ಕಪ್ಪ ಅಂಚಲ್ಲಿ ನಿಂತು ನೋಡಿದರು. ಲಾರಿಗಳು ಟಾರ್ಪಾಲು ಹೊದ್ದುಕೊಂಡು ಒಂದರ ಹಿಂದೊಂದು ನಮ್ಮ ಶೆಡ್ಡಿಗೆ ಬಂದವು. ಇಳಿಸಿದವಳು ನಾನು. ಈಗ ಕೆಂಪು ಮಣ್ಣು ತುಂಬ್ತಿದ್ದಾರೆ. ಪ್ರತಿ ಲಾರಿ ಬಂದಾಗಲೂ ಇವರು ಒಂದು ಹಿಡಿ ತೆಗೆದು, ನೀರು ಹಾಕಿ, ಮೂಸಿ ನೋಡಿದ ಮೇಲೆಯೇ ಸುರಿಯಲು ಬಿಡೋದು. ಚಾಲಕರು ಇವರಿಗೆ ಮೂಗಿನ ಮೇಷ್ಟ್ರು ಅಂತ ಹೆಸರಿಟ್ಟಿದ್ದಾರೆ.

ಚಿಕ್ಕಮ್ಮ

ಆಗಸ್ಟ್ 30

ಗುಂಡುಸೂಜಿ,

ನಿನ್ನ ಕಾಗದ ಬಂತು. ಬಡ್ತಿ ಸಿಕ್ಕಿದ್ದಕ್ಕೆ ಸಂತೋಷ. ಕುರ್ಚಿ ಬದಲಾಯಿಸಿದ್ದಕ್ಕೆ ಅದಕ್ಕಿಂತ ಸಂತೋಷ. ಬಿಡುವಿಲ್ಲ, ಚುಟುಕಾಗಿ ಬರೀತೀನಿ.

ಮಳೆ ಚೆನ್ನಾಗಿ ಹೊಡೀತು. ಮೈದಾನ ಗಟ್ಟಿ ನಿಂತಿದೆ. ಹೋದ ವಾರ ಸುತ್ತಲಿನ ಎಲ್ಲ ಶಾಲೆಗಳ ಓಟದ ಪಂದ್ಯ ಇಲ್ಲೇ ಆಯ್ತು. ನಿನ್ನ ಚಿಕ್ಕಪ್ಪ ಓಟ ಶುರು ಮಾಡೋಕೆ ಸೀಟಿ ಬಾಯಿಗಿಟ್ಟವರು ಊದಲೇ ಇಲ್ಲ. ಮೈದಾನವನ್ನೇ ನೋಡ್ತಾ ನಿಂತುಬಿಟ್ಟರು. ಮಕ್ಕಳು ಕಾದು ಕಾದು ಸಾಕಾಗಿ ತಾವೇ ಓಡಿಬಿಟ್ಟರು. ಮೊದಲು ಬಂದೋರು ಯಾರು, ಕಡೆಗೆ ಬಂದೋರು ಯಾರು ಯಾರಿಗೂ ಗೊತ್ತಿಲ್ಲ. ಎಲ್ಲ ಕೆಸರು ಮೆತ್ತಿಕೊಂಡು ಕಿರುಚ್ತಾ ಇದ್ದವು. ನನಗೇ ಕೇಳಿಸಿತು ಅಂದರೆ ಲೆಕ್ಕ ಹಾಕು.

ನಮ್ಮ ಕಾರ್ಖಾನೆಯಲ್ಲಿ ಈಗ ಕಿಟ್ಟ ಹಿಂಡಿ ತೆಗೆಯೋ ಲೋಹವೇ ಒಂದು ಕುಲುಮೆಗೆ ಸಾಕಾಗುವಷ್ಟು ಬರ್ತಿದೆ. ಮೂರನೇ ಪಾಳಿಗೆ ಹೊಸಬರನ್ನು ತಗೊಂಡಿದ್ದಾರೆ. ಇಸ್ತ್ರಿ ಸಾಹೇಬರು ಬಂದ ಅತಿಥಿಗಳಿಗೆಲ್ಲ ಇದು ಮೊದಲಿಂದಲೂ ತಮ್ಮದೇ ಆಲೋಚನೆ ಅಂತ ಹೇಳ್ಕೊಂಡು ತಿರುಗ್ತಿದ್ದಾರೆ. ಹೇಳ್ಕೊಳ್ಳಲಿ ಬಿಡು. ಶೆಡ್ಡಿನ ಸೂರಂತೂ ಸೋರಲ್ಲ.

ಇವತ್ತು ಇನ್ನೊಂದು ವಿಶೇಷ. ಆವತ್ತು ಅಹವಾಲಿಗೆ ಬಂದಿದ್ದ ಬೇರೆ ಊರಿನ ಕೆಲಸಗಾರರು ನಮ್ಮ ಶೆಡ್ಡು ನೋಡೋಕೆ ಬಂದಿದ್ದಾರೆ. ಅವರ ಕಾರ್ಖಾನೆಯಲ್ಲಿ ಈಗಷ್ಟೇ ಪಾಯ ತೋಡ್ತಿದ್ದಾರಂತೆ. ಜೊತೆಗೆ ಮೂರು ಜನ ಹೆಣ್ಣುಮಕ್ಕಳು, ಕ್ರೇನ್ ಕಲೀಬೇಕಂತೆ. ಒಬ್ಬಳು ಬಂದ ತಕ್ಷಣ ಕೇಳಿದಳು: "ಇಷ್ಟು ಎತ್ತರದಲ್ಲಿ ಕೂತರೆ ಹೆದರಿಕೆ ಆಗಲ್ವಾ?" ನಾನು ಅಂದೆ, ಆಗುತ್ತೆ, ಮೊದಲ ವಾರ. ಆಮೇಲೆ ಕೆಳಗೆ ಇಳಿಯೋಕೆ ಬೇಜಾರು ಆಗುತ್ತೆ.

ಏಣಿ ಹತ್ತಿರ ಹೆಲ್ಮೆಟ್ ಹಾಕ್ಕೊಂಡು ಕಾಯ್ತಿದ್ದಾರೆ. ಮೂರೂ ಜನಕ್ಕೆ ಮೊದಲು ನಾನು ಹತ್ತಬೇಕು ಅಂತ ಜಗಳ. ಹೋಗ್ತೀನಿ.

ಚಿಕ್ಕಮ್ಮ